ನಾನು ತೋಡಿಸಿದ ತರಗತಿ

೧೯೫೫ನೆಯ ಇಸವಿ, ಜನವರಿ ಒಂಬತ್ತು, ಭಾನುವಾರ. ಜಯನಾಮ ಸಂವತ್ಸರ, ಪುಷ್ಯ ಬಹುಳ ಪಾಡ್ಯ. ಆಧಾರ: ಆ ವರ್ಷದ ಪಂಚಾಂಗ. ಅದರ ಅಂಚುಗಳನ್ನು ಗೆದ್ದಲು ತಿಂದಿದೆಯಾದರೂ ತಿಥಿ ವಾರಗಳ ಅಂಕಣಕ್ಕೆ ಅದು ಬಾಯಿ ಹಾಕಿಲ್ಲ. ನಾನು ಹೇಳಹೊರಟಿರುವ ಘಟನೆ ಸಂಕ್ರಾಂತಿ ಕಳೆದ ಮೇಲೆ ನಡೆಯಿತೆಂದು ನನ್ನ ನೆನಪು ಬಹಳ ವರ್ಷ ಹಟ ಹಿಡಿದಿತ್ತು. ಆದರೆ ಅಂದು ಬೆಳಿಗ್ಗೆ ನಾನು ಬಾಡಿಗೆಗಿದ್ದ ಮನೆಯ ಒಡತಿ ನಾಗಮ್ಮ ಪಡಸಾಲೆಯಲ್ಲಿ ಮೊರ ಹಿಡಿದುಕೊಂಡು, ಸಜ್ಜೆ ರೊಟ್ಟಿಗೆ ಹಚ್ಚುವುದಕ್ಕೆಂದು ಎಳ್ಳು ಹಸನು ಮಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಬ್ಬ ಮುಗಿದ ಮೇಲೆ ಯಾರೂ ಎಳ್ಳು ಹಸನು ಮಾಡುವುದಿಲ್ಲ. ಆದ್ದರಿಂದ ಎಳ್ಳು ಮತ್ತು ಪಂಚಾಂಗ ಒಂದು ಕಡೆ, ನನ್ನ ನೆನಪು ಇನ್ನೊಂದು ಕಡೆ ನಿಂತಾಗ ನಾನು ಎಳ್ಳಿನ ಪಕ್ಷ ವಹಿಸಿದೆ. ಒಂದು ನಾಚಿಕೆಗೇಡಿನ ಪ್ರಸಂಗಕ್ಕೆ ಇಷ್ಟೊಂದು ತಾರೀಖಿನ ಶೃಂಗಾರವೇಕೆ ಎಂದು ನೀವು ಕೇಳಬಹುದು. ಸಾಮಾನ್ಯ ಮನುಷ್ಯನ ನಾಚಿಕೆ ಕಾಲ ಕಳೆದಂತೆ ಮಸುಕಾಗುತ್ತದೆ. ಸಂಶೋಧಕನ ನಾಚಿಕೆ ಮಾತ್ರ ಹೊಸ ಹೊಸ ಆಧಾರಗಳು ದೊರೆತಂತೆಲ್ಲ ಇನ್ನಷ್ಟು ಖಚಿತವಾಗುತ್ತ ಹೋಗುತ್ತದೆ.

ಆಗ ನಾನು ಇತಿಹಾಸದ ಅಧ್ಯಾಪಕ. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮೀಸೆ ಬಿಟ್ಟರೆ ಗೌರವ ಬರಬಹುದೆಂಬ ಆಸೆಯಿಂದ ಬಿಟ್ಟಿದ್ದೆ, ಅದು ಬಂದಿರಲಿಲ್ಲ. ಗೌರವವೂ, ಮೀಸೆಯೂ. ವಿಶ್ವವಿದ್ಯಾಲಯದವರು ನನ್ನನ್ನು ಲಿಂಗಸುಗೂರಿಗೆ ಕಳುಹಿಸಿದ್ದರು. ಆ ಸೀಮೆಯ ಶಾಲೆಗಳಲ್ಲಿ ನಿಜಾಮರ ಕಾಲದಿಂದ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರಿದ್ದರು. ಸರಕಾರ ಬದಲಾಗಿ, ಶಾಲೆಗಳು ಕನ್ನಡಕ್ಕೆ ತಿರುಗಿ, ಮಾಸ್ತರರೂ ತಿರುಗಬೇಕಾಗಿ ಬಂದಿತ್ತು. ಅವರು ಭಾನುವಾರ ಭಾನುವಾರ ಒಂದೆಡೆ ಸೇರಿ ಓದಿ, ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲೆಂದು ಈ ತರಗತಿ. ಸಿಂಧನೂರು, ಮಸ್ಕಿ, ಗುರುಗುಂಟಾಗಳಿಂದ ಇಪ್ಪತ್ತರ ಸುಮಾರಿಗೆ ಜನ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುತ್ತಿದ್ದರು. ಚಳಿಗಾಲದಲ್ಲಿ ಬರುವಾಗ ಹೊಲದಲ್ಲಿ ಸುಟ್ಟ ಸೀತನಿಯನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಆ ಎಳೆಯ ಜೋಳದ ಪರಿಮಳಕ್ಕೆ ನನ್ನ ಅರ್ಧ ಪಾಠ ಅಲ್ಲಲ್ಲೇ ನಿಂತುಹೋಗುತ್ತಿತ್ತು.

ಅವರಲ್ಲಿ ಎಲ್ಲರಿಗಿಂತ ಹಿರಿಯರು ಮುಕ್ಕುಂದದ ಮಹಬೂಬಸಾಬ ಮಾಸ್ತರು. ಗಡ್ಡ ಬೆಳ್ಳಗಾಗಿತ್ತು. ಕಪ್ಪು ಶೇರವಾನಿ, ಬಿಗಿದು ಸುತ್ತಿದ ರುಮಾಲು. ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ನಾನು ನನಗರಿವಿಲ್ಲದೆ ಎದ್ದು ನಿಲ್ಲುತ್ತಿದ್ದೆ. ಅವರ ಮಾತು ಅಪ್ಪಟ ಕನ್ನಡ, ಅಕ್ಷರ ಮಾತ್ರ ಉರ್ದು. ಒತ್ತಕ್ಷರ ಬಂದರೆ ಎತ್ತು ಹಳ್ಳದ ಮುಂದೆ ನಿಂತಂತೆ ನಿಲ್ಲುತ್ತಿದ್ದರು. ಈ ಪರೀಕ್ಷೆ ಪಾಸಾಗದಿದ್ದರೆ ಅವರ ನೌಕರಿ ಕಾಯಂ ಆಗುವಂತಿರಲಿಲ್ಲ. ಅಷ್ಟರಲ್ಲಿ ಲಿಂಗಸುಗೂರಿನ ತರಗತಿಯನ್ನು ಮುಚ್ಚಿ ರಾಯಚೂರಿನದರ ಜೊತೆ ಸೇರಿಸುತ್ತಾರೆಂಬ ಸುದ್ದಿ ಬಂತು. ಹೈದರಾಬಾದಿನಿಂದ ಒಬ್ಬ ಅಧಿಕಾರಿ ಬಂದು ನೋಡಿ ತೀರ್ಮಾನಿಸುವವರಿದ್ದರು. ಆ ಸುದ್ದಿ ಕೇಳಿದ ದಿನ ಮಹಬೂಬಸಾಬರು ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಉಸ್ತಾದ್, ವಾರಕ್ಕೊಮ್ಮೆ ರಾಯಚೂರಿಗೆ ಹೋಗೂದು ಅಂದ್ರ ನನಗ ಹಜ್‌ಗೆ ಹೋದಂಗ. ಹೋಗೂದು ನನ್ನ ಕೈಯಾಗ, ತಿರುಗಿ ಬರೂದು ಮ್ಯಾಲಿನವನ ಕೈಯಾಗ. ಇಲ್ಲಿ ಕ್ಲಾಸ್ ಉಳಿದ್ರ ನಾ ಉಳಿದೆ."

ಈ ಮಾತು ಕೇಳಿದ ಮೇಲೆ ವಿವೇಕವುಳ್ಳ ಅಧ್ಯಾಪಕನಾಗಿದ್ದರೆ ಏನು ಮಾಡುತ್ತಿದ್ದ? ಕನ್ನಡದ ಒತ್ತಕ್ಷರಗಳನ್ನು ಹೇಳಿಕೊಡುತ್ತಿದ್ದ. ನಾನು ನೆಲ ತೋಡಿಸಿದೆ.

ಇದಕ್ಕೆ ಹಿನ್ನೆಲೆ ಹೇಳಬೇಕು. ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಬೋಧನೆಯ ಕೋಣೆಯನ್ನು ಹೇಗೆ ಕಟ್ಟುತ್ತಾರೆಂಬ ಒಂದು ದಪ್ಪ ಪುಸ್ತಕವನ್ನು ನಾನು ಗ್ರಂಥಾಲಯದಿಂದ ತಂದಿದ್ದೆ. ಅದರಲ್ಲೊಂದು ಚಿತ್ರ. ಅರ್ಧಚಂದ್ರಾಕಾರವಾಗಿ ಮೇಲೇರುವ ಮೆಟ್ಟಿಲು, ಮೆಟ್ಟಿಲ ಮೇಲೆಲ್ಲ ಬಾಗಿ ನೋಡುತ್ತಿರುವ ವಿದ್ಯಾರ್ಥಿಗಳು, ಎಲ್ಲಕ್ಕಿಂತ ಕೆಳಗೆ, ತಗ್ಗಿನಲ್ಲಿ, ಪ್ರಾಧ್ಯಾಪಕರು. ಎಲ್ಲರ ಕಣ್ಣೂ ಅವರ ಮೇಲೆಯೇ! ನನಗೆ ರೋಮಾಂಚನವಾಯಿತು. ವಿದ್ಯಾರ್ಥಿಗಳು ನನ್ನನ್ನು ಅಷ್ಟು ತದೇಕಚಿತ್ತದಿಂದ ನೋಡಿದ್ದು ಒಂದೇ ಒಂದು ಸಲ, ನನ್ನ ಕೋಟಿನ ಮೇಲೆ ಹಲ್ಲಿ ಬಿದ್ದಾಗ. ದೋಷ ನನ್ನ ಪಾಠದ್ದಲ್ಲ, ಕೋಣೆಯದು ಎಂಬ ತೀರ್ಮಾನಕ್ಕೆ ಬರಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ. ಅಧಿಕಾರಿಗಳು ಬಂದಾಗ ಇಂಥದೊಂದು ಕೋಣೆ ಸಿದ್ಧವಿದ್ದು, ಅದರಲ್ಲಿ ಮ್ಯಾಜಿಕ್ ಲ್ಯಾಂಟರ್ನಿನಿಂದ ಗೋಡೆಯ ಮೇಲೆ ಚಿತ್ರಗಳು ಬೀಳುತ್ತಿದ್ದರೆ ತರಗತಿಯನ್ನು ಮುಚ್ಚುವ ಎದೆಗಾರಿಕೆ ಯಾರಿಗಿದೆ? ಆ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಅದು ವೈದ್ಯಕೀಯ ಶಾಲೆಯ ಹೆಣ ಕೊಯ್ಯುವ ಕೋಣೆ; ಎಲ್ಲರ ಕಣ್ಣೂ ಇದ್ದದ್ದು ಪ್ರಾಧ್ಯಾಪಕರ ಮೇಲಲ್ಲ, ಅವರ ಮುಂದಿದ್ದ ಹೆಣದ ಮೇಲೆ. ಪ್ರತಿಯೊಂದು ತಾರೀಖನ್ನೂ ಮೂರು ಕಡೆ ಒರೆಹಚ್ಚಿ ನೋಡುವ ನನ್ನ ಅಭ್ಯಾಸವನ್ನು ಹೊಗಳುವವರಿದ್ದಾರೆ. ಅದು ಹುಟ್ಟಿದ್ದು ಆ ಒಂದು ಸಾಲಿನಿಂದ ಎಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ತರಗತಿ ನಡೆಯುತ್ತಿದ್ದುದು ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಒಂದು ಉದ್ದನೆಯ ಕಟ್ಟಡದಲ್ಲಿ. ಅದು ಮೊದಲು ಕುದುರೆ ಲಾಯವಾಗಿತ್ತೆಂದು ಊರವರು ಹೇಳುತ್ತಿದ್ದರು. ಲಿಖಿತ ಆಧಾರ ನನಗೆ ದೊರೆತಿಲ್ಲ, ಆದರೆ ಮಳೆಗಾಲದಲ್ಲಿ ವಾಸನೆಯ ಆಧಾರ ದೊರೆಯುತ್ತಿತ್ತು. ಅದರ ಅಟ್ಟದ ತೊಲೆಗಳು ತೀರ ತಗ್ಗು. ಮೆಟ್ಟಿಲುಗಳನ್ನು ಮೇಲಕ್ಕೆ ಕಟ್ಟುತ್ತ ಹೋದರೆ ಕೊನೆಯ ಸಾಲಿನವರು ತೊಲೆಯನ್ನು ತಲೆಯ ಮೇಲೆ ಹೊತ್ತು ಕೂಡಬೇಕಾಗುತ್ತಿತ್ತು. ಆದ್ದರಿಂದ ನಾನು ಲೆಕ್ಕ ಹಾಕಿ, ಒಂದು ತುದಿಯಲ್ಲಿ ಎದೆಮಟ್ಟ ನೆಲವನ್ನು ತೋಡುವುದು, ಆ ಮಣ್ಣಿನಿಂದಲೇ ಇನ್ನೊಂದು ತುದಿಯವರೆಗೆ ಮೆಟ್ಟಿಲು ಮಾಡುವುದು ಎಂದು ನಿರ್ಧರಿಸಿದೆ. ತೋಡುವವರು ಯಾರು? ವಿದ್ಯಾರ್ಥಿಗಳೇ. ತಮ್ಮೂರಿನ ಮಕ್ಕಳಿಗೆ ವಾರವಿಡೀ ಪಾಠ ಹೇಳಿ, ಭಾನುವಾರ ಓದಲೆಂದು ಬಂದ ಮಾಸ್ತರರ ಕೈಗೆ ನಾನು ಗುದ್ದಲಿ ಬುಟ್ಟಿ ಕೊಟ್ಟೆ. ಅವರು ಅಂಗಿ ಬಿಚ್ಚಿಟ್ಟು, ಒಂದು ಮಾತೂ ಆಡದೆ ತೋಡಿದರು.

ಮಾತಾಡಿದ್ದು ಊರು. ಹಿಂದಿನ ವರ್ಷ ಮಸ್ಕಿಯಲ್ಲಿ ಸರಕಾರದವರು ಗುಡ್ಡದ ಬುಡ ಅಗೆದು ಹಳೆಯ ಕಾಲದ ಮಡಕೆ ಚೂರುಗಳನ್ನು ಹೆಕ್ಕಿದ್ದರು. ಮಡಕೆ ಚೂರಿಗಾಗಿ ಯಾರೂ ನೆಲ ಅಗೆಯುವುದಿಲ್ಲ, ಅದೆಲ್ಲ ಮೇಲಿನ ಮಾತು ಎಂಬುದು ಜನರ ಖಚಿತ ಅಭಿಪ್ರಾಯವಾಗಿತ್ತು. ಈಗ ಇತಿಹಾಸದ ಮಾಸ್ತರನೊಬ್ಬ ಬಾಗಿಲು ಹಾಕಿಕೊಂಡು ಛಾವಣಿಯಲ್ಲಿ ಅಗೆಸುತ್ತಿದ್ದಾನೆಂದರೆ ದಂಡಿನವರು ಹೂತಿಟ್ಟ ಹೊನ್ನಿನ ಹಂಡೆಯ ಮಾತೇ ಸರಿ. ಸಂತೆಗೆ ಬಂದವರು, ಗುಡಿಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಕಿಟಕಿಯಲ್ಲಿ ಇಣುಕಿ, "ಏನಾರ ಸಿಕ್ತೇನ್ರಿ?" ಎಂದು ಕೇಳಿ ಹೋಗುತ್ತಿದ್ದರು. ಇಲ್ಲ ಎಂದರೆ, "ಸಿಕ್ಕವ ಹಿಂಗ ಹೇಳ್ತಾನಪಾ" ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾಗಮ್ಮನಂತೂ ಊಟಕ್ಕೆ ಬಡಿಸುವಾಗ ದಿನಾ ಒಂದು ಮಾತು ಸೇರಿಸಿ ಬಡಿಸುತ್ತಿದ್ದಳು. "ಏನ್ರಿ ಮಾಸ್ತರ, ನೀವು ಓದಸಾಕ ಬಂದೀರೋ, ಬಾವಿ ತೋಡಾಕ ಬಂದೀರೋ? ನೀರು ಬಿದ್ರ ಮೊದಲ ನನಗ ಹೇಳ್ರಿ ಯಪ್ಪಾ, ಕೊಡ ತಗೊಂಡು ಬರ್ತೀನಿ." ನಾನು ಆಕೆಗೆ ಪಾಶ್ಚಾತ್ಯ ಬೋಧನಾ ಕ್ರಮವನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಅಲ್ಲಿಯ ಮಂದಿಗೆ ಗುರು ಅಂದ್ರ ಅಷ್ಟ ಸಿಟ್ಟೇನು?" ಎಂದು ಕೇಳಿದಳು.

ಆ ಪ್ರಶ್ನೆಯಲ್ಲಿ ನನ್ನ ಯೋಜನೆಯ ಮರಣಶಾಸನವೇ ಇತ್ತು. ನಾನು ಗಮನಿಸಲಿಲ್ಲ. ತಗ್ಗು ಸಿದ್ಧವಾಯಿತು, ಮೆಟ್ಟಿಲಿಗೆ ಸಗಣಿ ಸಾರಿಸಿದ್ದಾಯಿತು. ನಾನು ತಗ್ಗಿಗೆ ಇಳಿದು, ಕೋಟು ಸರಿಪಡಿಸಿಕೊಂಡು, "ಎಲ್ಲರೂ ಮೇಲೆ ಕುಳಿತುಕೊಳ್ಳಿ" ಎಂದೆ. ಯಾರೂ ಕುಳಿತುಕೊಳ್ಳಲಿಲ್ಲ. ಎಲ್ಲರೂ ಅಂಚಿನಲ್ಲಿ ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದರು, ಆ ನೋಟದಲ್ಲಿ ಕನಿಕರವಿತ್ತು. ಕೊನೆಗೆ ಮಸ್ಕಿಯ ಶರಣಯ್ಯ ಬಾಯಿ ಬಿಟ್ಟ. ಜಂಗಮರ ಮನೆಯ ಹುರಿಯಾಳು, ಮಾತಿನಲ್ಲಿ ಚೂಟಿ. "ಗುರುಗಳ, ನಾ ಅಲ್ಲಿ ಕುಂತ್ರ ನನ್ನ ಪಾದ ನಿಮ್ಮ ತಲಿ ಸಮಕ್ಕ ಬರ್ತಾವ. ಇದನ್ನ ನಮ್ಮಪ್ಪ ನೋಡಿದಾ ಅಂದ್ರ ಇದ ತಗ್ಗಿನ್ಯಾಗ ನನ್ನ ಹೂಳಿ ಮನಿಗಿ ಹೋಗ್ತಾನ." ನಾನು ಮಹಬೂಬಸಾಬರ ಕಡೆ ನೋಡಿದೆ. ಅವರು ರುಮಾಲನ್ನು ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದರು: "ಅಯ್ಯನೋರು ಹೇಳಿದ್ದು ಖರೇ ಐತ್ರಿ. ನೀವು ವಯಸ್ಸಿನ್ಯಾಗ ನನ್ನ ಮಗನಕಿಂತ ಸಣ್ಣೋರು. ಆದ್ರ ಉಸ್ತಾದ್ ಉಸ್ತಾದನ. ಇನ್ನೊಂದು ಮಾತು, ನಮ್ಮ ಕಡೆ ಈಗ ಕಾಲುವಿ ಅಗಿಯಾಕತ್ತಾರ. ನೀರು ಮ್ಯಾಲಿಂದ ತಳಕ್ಕ ಹರಿತೈತಿ ಅಂತ ಇಂಜಿನೇರ ಸಾಹೇಬ್ರು ಹೇಳ್ಯಾರ. ನೀವು ತಗ್ಗಿನ್ಯಾಗ ನಿಂತ್ರ ಇಲ್ಮು, ಅಂದ್ರ ವಿದ್ಯಾ, ನಮ್ಮ ಕಡೆ ಹೆಂಗ ಏರತೈತ್ರಿ?" "ಏತ ಹಚ್ಚಬೇಕು!" ಎಂದ ಶರಣಯ್ಯ. ಎಲ್ಲರೂ ನಕ್ಕರು. ಜಂಗಮರ ಮನೆಯೂ ಮಸೀದಿಯ ಬೀದಿಯೂ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದನ್ನು ನನ್ನ ಸಂಶೋಧನೆಯಲ್ಲಿ ಮತ್ತೆಲ್ಲೂ ನಾನು ಕಂಡಿಲ್ಲ.

ಅಂದಿನಿಂದ ನಡೆದದ್ದು ಹಗ್ಗಜಗ್ಗಾಟ. ಅವರು ಮೆಟ್ಟಿಲೇರಲೊಲ್ಲರು, ನೆಲದ ಮೇಲೆ ಅಂಚಿನಲ್ಲಿ ಮುದುಡಿ ಕೂಡುವರು. ನಾನು ಅವರ ಮನಸ್ಸಿನ ಕಸಿವಿಸಿ ಕಡಿಮೆಯಾಗಲೆಂದು ತಗ್ಗಿನೊಳಗೆ ಒಂದು ಮೇಜು ಹಾಕಿಸಿ ಅದರ ಮೇಲೆ ನಿಂತೆ. ನಿಂತ ಮೇಲೆ ಗೊತ್ತಾಯಿತು: ಎಷ್ಟು ಆಳ ತೋಡಿಸಿದ್ದೆನೋ ಹೆಚ್ಚು ಕಡಿಮೆ ಅಷ್ಟೇ ಎತ್ತರಕ್ಕೆ ಏರಿ, ಮೊದಲು ಎಲ್ಲಿದ್ದೆನೋ ಅಲ್ಲಿಗೇ ಬಂದಿದ್ದೆ. ನಾಗಮ್ಮನಿಗೆ ಈ ವಿಷಯ ಹೇಳುವ ಧೈರ್ಯವಾಗಲಿಲ್ಲ. ಆದರೂ ಅದು ಅವಳಿಗೆ ಗೊತ್ತಾಯಿತು. ಲಿಂಗಸುಗೂರಿನಲ್ಲಿ ನಾಗಮ್ಮನಿಗೆ ಗೊತ್ತಾಗದ್ದು ದಂಡಿನವರು ಹೂತಿಟ್ಟ ಹಂಡೆ ಒಂದೇ.

ಇನ್ನು ಮ್ಯಾಜಿಕ್ ಲ್ಯಾಂಟರ್ನು. ಕಾಲೇಜಿನಿಂದ ಕಾಡಿ ಬೇಡಿ ತಂದಿದ್ದ ಅದು ನೋಡಲು ಒಲೆಯಂತೆ, ನಡೆಯಲ್ಲಿ ಸೋದರಮಾವನಂತೆ. ಅದಕ್ಕೆ ಮನಸ್ಸು ಬಂದಾಗ ಮಾತ್ರ ಕೆಲಸ. ಊರಿಗೆ ವಿದ್ಯುತ್ತಿರಲಿಲ್ಲವಾದ್ದರಿಂದ ಒಳಗೆ ಎಣ್ಣೆಯ ದೀಪ ಉರಿಸಿ, ಗಾಜಿನ ಮೇಲಿನ ಚಿತ್ರ ಗೋಡೆಗೆ ಬೀಳುವಂತೆ ಮಾಡಬೇಕು. ಅದಕ್ಕೆ ಕತ್ತಲೆ ಬೇಕು. ಗುರುಗುಂಟಾದ ಮಾಸ್ತರೊಬ್ಬರು ಕುರುಬರ ಮನೆಗಳಿಂದ ಕರಿಯ ಕಂಬಳಿಗಳನ್ನು ತಂದುಕೊಟ್ಟರು. ಕಿಟಕಿಗಳಿಗೆಲ್ಲ ಅವನ್ನು ಇಳಿಬಿಟ್ಟೆವು. ಕೋಣೆ ಕತ್ತಲಾಯಿತು, ಜೊತೆಗೆ ಕುರಿ ಹಟ್ಟಿಯೂ ಆಯಿತು. ನಾನು ಮೊದಲು ತೋರಿಸಿದ ಚಿತ್ರ ಮಸ್ಕಿಯ ಶಾಸನದ ಬಂಡೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳು ಗೋಡೆಯ ಮೇಲೆ ನಡುಗುತ್ತ ಮೂಡಿದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆಂದು ಕಾದೆ. "ಇದು ನಮ್ಮೂರ ಗುಡ್ಡದ ಕಲ್ಲಲ್ರೀ?" ಎಂದಿತು ಶರಣಯ್ಯನ ಧ್ವನಿ. "ಇದನ್ನ ನೋಡಾಕ ಇಷ್ಟ ಕತ್ತಲ ಯಾಕ ಬೇಕ್ರಿ ಗುರುಗಳ? ಮುಂಜಾನಿ ಬಸ್ಸಿಗಿ ಬರ್ರಿ, ಬಿಸಿಲಾಗ ಚಂದ ತೋರಸ್ತೀನಿ. ನಮ್ಮವ್ವ ಚಾ ಮಾಡ್ತಾಳ." ಆದರೆ ಆ ದಿನ ಒಂದು ಶುಭ ಸೂಚನೆಯೂ ಕಂಡಿತ್ತು. ಕತ್ತಲೆಯಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂದು ಕಾಣದ ಕಾರಣ, ಇಡೀ ತರಗತಿ ಸದ್ದಿಲ್ಲದೆ ಒಬ್ಬೊಬ್ಬರಾಗಿ ಮೆಟ್ಟಿಲೇರಿ ಆರಾಮವಾಗಿ ಕುಳಿತಿತ್ತು. ಕಂಬಳಿ ಸರಿಸಿದೊಡನೆ ಎಲ್ಲರೂ ಕಲ್ಲೇಟಿಗೆ ಬೆದರಿದ ಗುಬ್ಬಿಗಳಂತೆ ಧಡಧಡನೆ ಕೆಳಗಿಳಿದರು. ಅಧಿಕಾರಿಗಳ ಮುಂದೆ ಪೂರ್ತಿ ಕತ್ತಲೆಯನ್ನಿಟ್ಟರೆ ನನ್ನ ವಿನ್ಯಾಸ ಸಫಲವಾಗುತ್ತದೆಂದು ನಾನು ಆಗ ಸಿದ್ಧಾಂತ ಮಾಡಿದೆ. ಕತ್ತಲೆಯಲ್ಲಿ ಅಧಿಕಾರಿಗಳಿಗೂ ಏನೂ ಕಾಣುವುದಿಲ್ಲ ಎಂಬ ಅಂಶ ನನಗೆ ಹೊಳೆಯಲಿಲ್ಲ.

ಈ ಸಿದ್ಧತೆಗಳಲ್ಲೆಲ್ಲ ಭಾನುವಾರಗಳು ಒಂದೊಂದಾಗಿ ಹೋದವು. ಒಂದು ಸಂಜೆ ಎಲ್ಲರೂ ಬಸ್ಸಿಗೆಂದು ಹೊರಟ ಮೇಲೆ ಮಹಬೂಬಸಾಬರು ಹಿಂದೆ ಉಳಿದು, ತಗ್ಗಿನ ಅಂಚಿನಲ್ಲಿ ನಿಂತು, ಕೊಂಕಿಲ್ಲದ ಧ್ವನಿಯಲ್ಲಿ ಕೇಳಿದರು: "ಉಸ್ತಾದ್, ತಗ್ಗು ಬಾಳ ಚಲೋ ಆಗೇತ್ರಿ. ಪಾಠ ಯಾವಾಗ ಶುರು ಆಗತೈತಿ?" ಅವರಲ್ಲಿ ವ್ಯಂಗ್ಯವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದರು. ಪಾಠ ಇನ್ನೂ ಶುರುವಾಗಿಲ್ಲ, ಇದೆಲ್ಲ ಅದರ ಪೂರ್ವಪೀಠಿಕೆ, ಇಷ್ಟು ದೊಡ್ಡ ಪೀಠಿಕೆಯ ಹಿಂದೆ ಎಂಥ ದೊಡ್ಡ ಪಾಠವಿರಬೇಕು ಎಂದು ಆ ಹಿರಿಯರು ನಂಬಿಕೊಂಡಿದ್ದರು. "ಅಧಿಕಾರಿಗಳು ಬಂದು ಹೋಗಲಿ, ಮಾಸ್ತರೆ" ಎಂದೆ. ಮುಖ ಎತ್ತಿ ಹೇಳಲಿಲ್ಲ. ತಗ್ಗಿನಲ್ಲಿ ನಿಂತಿದ್ದರಿಂದ ಮುಖ ಎತ್ತದಿದ್ದರೆ ಅವರ ಕೆರಗಳು ಮಾತ್ರ ಕಾಣುತ್ತಿದ್ದವು. ಅವುಗಳ ಮೇಲೆ ಮುಕ್ಕುಂದದ ದಾರಿಯ ಧೂಳಿತ್ತು. ಮುಂದಿನ ಭಾನುವಾರ ತಿಳಿಯಿತು, ಅವರು ಮನೆಯಲ್ಲಿ ತಾವೇ ಒತ್ತಕ್ಷರ ತಿದ್ದುತ್ತಿದ್ದಾರೆಂದು, ತಮ್ಮದೇ ಶಾಲೆಯ ಮಕ್ಕಳ ಪುಸ್ತಕ ಇಟ್ಟುಕೊಂಡು. ಹೇಳಿದವನು ಶರಣಯ್ಯ. ತಿದ್ದಿಸುತ್ತಿದ್ದವನೂ ಅವನೇ, ಬಸ್ಸಿಗೆ ಕಾಯುವ ಹೊತ್ತಿನಲ್ಲಿ.

ಆ ಭಾನುವಾರ ಅಧಿಕಾರಿಗಳು ಹೇಳಿದ್ದಕ್ಕಿಂತ ಮೊದಲೇ ಬಂದರು. ಜೀಪಿನ ಸದ್ದು ಕೇಳಿದಾಗ ನಾನು ತಗ್ಗಿನಲ್ಲಿ ಕೂತು ಲ್ಯಾಂಟರ್ನಿನ ಕೊಳವೆಯ ಮಸಿ ತೆಗೆಯುತ್ತಿದ್ದೆ. ಮಸಿ ಕೊಳವೆಯಿಂದ ನನ್ನ ಮುಖಕ್ಕೆ ವರ್ಗವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಹಬೂಬಸಾಬರೇ ಅವರನ್ನು ಬಾಗಿ ಸಲಾಮು ಮಾಡಿ ಅದಬಿನಿಂದ ಬರಮಾಡಿಕೊಂಡರು. ದೊಡ್ಡವರಿಗೆ ದೊಡ್ಡ ಜಾಗ ತಾನೆ? ಮಾಸ್ತರರೆಲ್ಲ ಸೇರಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿ, ಜಮಖಾ‌ನ ಮಡಿಸಿಟ್ಟು, ಅಧಿಕಾರಿಗಳನ್ನು ಅಲ್ಲಿ ಕೂರಿಸಿಬಿಟ್ಟರು. ತೊಲೆ ಅವರ ಟೋಪಿಯನ್ನು ಮುಟ್ಟುತ್ತಿತ್ತು. ನಾನು ಕೆಳಗಿನಿಂದ "ನಮಸ್ಕಾರ" ಎಂದೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಷ್ಟರಲ್ಲಿ, ನಾನು ಮೊದಲೇ ಕಟ್ಟಪ್ಪಣೆ ಮಾಡಿದ್ದಂತೆ, ಕಂಬಳಿಗಳೆಲ್ಲ ಕಿಟಕಿಗಳ ಮೇಲೆ ಇಳಿಬಿದ್ದು ಕೋಣೆ ಕತ್ತಲಾಯಿತು.

ಈಗ ನನ್ನ ವಿದ್ಯಾರ್ಥಿಗಳ ಸಂಕಟವನ್ನು ನೀವು ಊಹಿಸಿಕೊಳ್ಳಬೇಕು. ಕತ್ತಲಾದರೆ ಮೆಟ್ಟಿಲೇರುವುದು ರೂಢಿ. ಆದರೆ ಮೇಲೆ ಸಾಹೇಬರಿದ್ದಾರೆ. ಅವರ ಸಮಕ್ಕೆ ಕೂಡುವಂತಿಲ್ಲ. ಗುರು ಸಾಹೇಬರಿಗಿಂತ ಕೆಳಗಿರಬೇಕು, ಅದು ಸರಿಯಾಗಿದೆ. ಶಿಷ್ಯರು ಗುರುವಿಗಿಂತ ಕೆಳಗಿರಬೇಕು. ಅದಕ್ಕೆ ಉಳಿದ ಜಾಗ ಯಾವುದು? ಪರರ ಮುಂದೆ ಗುರುವಿನ ಮರ್ಯಾದೆ ಕಾಯಬೇಕೆಂದು ಆ ಇಪ್ಪತ್ತು ಜನ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕತ್ತಲೆಯಲ್ಲಿ ತಗ್ಗಿಗೆ ಇಳಿದರು. ಜಾಗ ಸಾಲದೆ ನನ್ನ ಮೇಜನ್ನು ಎತ್ತಿ ಮೇಲಿಟ್ಟರು. ನನ್ನ ಸುತ್ತ, ನನ್ನ ಕಾಲ ಬಳಿ, ಸಂತೆಗೆ ಹೊರಟ ಬಂಡಿಯಲ್ಲಿ ಕೂತಂತೆ ಒತ್ತೊತ್ತಾಗಿ ಕೂತರು. ಯಾರದೋ ಮೊಣಕೈ ನನ್ನ ಹೊಟ್ಟೆಗೆ ತಾಗುತ್ತಿತ್ತು. ನಾನು ದೀಪ ಹೊತ್ತಿಸಿದೆ. ಮಂದ ಬೆಳಕಿನಲ್ಲಿ ಮೇಲಿನಿಂದ ನೋಡಿದವರಿಗೆ ಸಾಲು ಸಾಲು ಖಾಲಿ ಮೆಟ್ಟಿಲು, ಕೆಳಗೊಂದು ಕಪ್ಪು ಗುಂಡಿ.

"ವಿದ್ಯಾರ್ಥಿಗಳು ಎಲ್ಲಿ?" ಎಂದು ಮೇಲಿನಿಂದ ಪ್ರಶ್ನೆ ಬಂತು.

"ಇಲ್ಲೇ ಅದೀವ್ರಿ ಸಾಹೇಬ್ರ" ಎಂದು ಇಪ್ಪತ್ತು ಗಂಟಲು ಒಟ್ಟಿಗೆ ಹೇಳಿದವು.

"ಇಲ್ಲಿ ಅಂದ್ರ ಎಲ್ಲಿ?"

"ತಗ್ಗಿನ್ಯಾಗ್ರಿ" ಎಂದ ಶರಣಯ್ಯ. "ನಿಮ್ಮ ಪಾದದ ತಳಗ."

ನಾನು ಅವಸರದಿಂದ ಚಿತ್ರದ ಗಾಜನ್ನು ತಳ್ಳಿದೆ. ಚಿತ್ರ ಬೀಳಲಿಲ್ಲ. ದೀಪದ ಬತ್ತಿ ಏರಿಸಿದೆ; ಹೊಗೆ ಬಂತು. ಇಳಿಸಿದೆ, ಇನ್ನಷ್ಟು ಹೊಗೆ ಬಂತು. ಕೆಮ್ಮು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಅಧಿಕಾರಿಗಳು ಬೇಸರದಿಂದ, "ಚಿತ್ರ ಇರಲಿ, ಕನ್ನಡ ಓದಾಕ ಬರತೈತೋ ಇಲ್ಲೋ ಅದನ್ನರ ತೋರಸ್ರಿ" ಎಂದರು. ತಗ್ಗಿನಲ್ಲಿ ಒಬ್ಬರು ಇನ್ನೊಬ್ಬರ ಬೆನ್ನ ಹಿಂದೆ ಸರಿದರು. ಲಿಂಗಸುಗೂರಿನ ತರಗತಿಯ ಆಯುಷ್ಯ ಇನ್ನು ಒಂದೆರಡು ನಿಮಿಷದ್ದೆಂದು ನನಗನ್ನಿಸಿತು. ಆಗ ನನ್ನ ಕಾಲ ಬಳಿಯಿಂದ ಮಹಬೂಬಸಾಬರು ಎದ್ದರು. ಲ್ಯಾಂಟರ್ನಿನಿಂದ ಚಿತ್ರ ಬೀಳದಿದ್ದರೂ ಅದರ ಸಂದುಗಳಿಂದ ಒಂದಿಷ್ಟು ಬೆಳಕು ಪಕ್ಕಕ್ಕೆ ಸೋರುತ್ತಿತ್ತು. ಅವರು ಶೇರವಾನಿಯ ಜೇಬಿನಿಂದ ತಮ್ಮ ಶಾಲೆಯ ಮಕ್ಕಳ ಪುಸ್ತಕವನ್ನು ತೆಗೆದು ಆ ಸೋರುವ ಬೆಳಕಿಗೆ ಹಿಡಿದರು. ಮಸ್ಕಿಯ ಶಾಸನದ ಪಾಠ. ಮೊದಲ ಸಾಲನ್ನು ಅಕ್ಷರ ಅಕ್ಷರವಾಗಿ ತಡವಿ ಓದಿದರು. "ರಾಷ್ಟ್ರ" ಎಂಬ ಶಬ್ದದ ಮುಂದೆ ನಿಂತರು. ಶರಣಯ್ಯ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಅವರು ಒತ್ತಕ್ಷರದ ಮೇಲೆ ಬೆರಳಿಟ್ಟು, ಆ ಶಬ್ದವನ್ನು ದಾಟಿದರು. ದಾಟಿದ ಮೇಲೆ ಧ್ವನಿ ಬಿಚ್ಚಿಕೊಂಡಿತು. ಎಷ್ಟೋ ವರ್ಷ ಮಕ್ಕಳ ಮುಂದೆ ಪದ್ಯ ಹೇಳಿ ಪಳಗಿದ ಗಂಟಲು. ಆ ಗುಂಡಿಯ ಗೋಡೆಗಳಿಗೆ ತಾಗಿ ಅದು ಕಂಚಿನಂತೆ ಮೊಳಗಿತು. ನನ್ನ ವಿನ್ಯಾಸದಿಂದ ಜಗತ್ತಿಗೆ ಆದ ಲಾಭ ಅದೊಂದೇ. ಅದನ್ನೂ ನಾನು ವಿನ್ಯಾಸಗೊಳಿಸಿರಲಿಲ್ಲ.

ಮತ್ತು ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ಇಂದಿಗೂ ಬರೆಯಲು ಕೈ ಹಿಂಜರಿಯುತ್ತದೆ. "ಒಂದು ನಿಮಿಷ, ಒಂದೇ ನಿಮಿಷ, ಈಗ ಚಿತ್ರ ಬರುತ್ತದೆ" ಎನ್ನುತ್ತ ಗಾಜುಗಳನ್ನು ಕಟಕಟ ತಿರುಗಿಸುತ್ತಿದ್ದೆ. ಅವರು ಓದುತ್ತಿದ್ದ ಬೆಳಕನ್ನು ಎರಡು ಸಲ ನನ್ನ ಕೈಯಿಂದಲೇ ಮರೆಮಾಡಿದೆ. "ಏ, ಸುಮ್ಕ ಕೂಡಪಾ ನೀನು!" ಎಂದು ಮೇಲಿನಿಂದ ಅಧಿಕಾರಿಗಳು ಗದರಿದರು. ಕೆಮ್ಮುತ್ತಿದ್ದ ಯಾರಿಗೋ ಹೇಳಿರಬೇಕೆಂದು ನಾನು ನನ್ನ ಕೆಲಸ ಮುಂದುವರಿಸಿದೆ.

ಓದು ಮುಗಿದ ಮೇಲೆ ಕಂಬಳಿ ಸರಿಸಿದರು. ಬಿಸಿಲು ಒಳನುಗ್ಗಿತು. ಅಧಿಕಾರಿಗಳು ಎದ್ದು, ತೊಲೆಗೆ ತಲೆ ಬಡಿಸಿಕೊಂಡು, ಗುಂಡಿಯೊಳಗೆ ಇಣುಕಿ ನೋಡಿದರು. ಮಸಿಯಾದ ಮುಖಗಳು, ಮಣ್ಣಾದ ಪಂಚೆಗಳು. "ಏನ್ರಿ ಇದು, ಸಾಲಿಯೋ ಗರಡಿ ಮನಿಯೋ?" ಎಂದು ಕೇಳಿ ಗಹಗಹಿಸಿ ನಕ್ಕರು. ಮಹಬೂಬಸಾಬರ ಎರಡೂ ಕೈ ಹಿಡಿದು ಅದೇನೋ ಉರ್ದುವಿನಲ್ಲಿ ಹೊಗಳಿದರು. ನಾನು ತಗ್ಗಿನಿಂದ ಹತ್ತಿ ಬಂದು ಪರಿಚಯ ಹೇಳಿಕೊಳ್ಳಬೇಕೆನ್ನುವಷ್ಟರಲ್ಲಿ ಜೀಪು ಕೂಗಿತು. ಅವರು ಹೋಗುವ ಅವಸರದಲ್ಲಿಯೂ ನನ್ನ ಬೆನ್ನು ತಟ್ಟಿ, "ಮನಸ್ಸಿಟ್ಟು ಕಲೀಬೇಕಪಾ" ಎಂದು ಹೇಳಿ ಹೋದರು. ವಿದ್ವಾಂಸನಾದವನು ಜೀವನವಿಡೀ ವಿದ್ಯಾರ್ಥಿಯಾಗಿರಬೇಕೆಂಬ ಗಂಭೀರ ಉಪದೇಶವದು ಎಂದು ನಾನು ಭಾವಿಸಿದೆ. ನಿವೃತ್ತಿಯ ಬೀಳ್ಕೊಡುಗೆ ಸಭೆಯಲ್ಲಿ, ಅದನ್ನು ನನ್ನ ಬಾಳಿನ ದಾರಿದೀಪವೆಂದು ಉದ್ಧರಿಸಿಯೂ ಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ತರಗತಿ ಉಳಿಯಿತು. ಮರು ಭಾನುವಾರ ನಾನು ಬೇವಿನ ಮರದ ಕೆಳಗೆ ಜಮಖಾನ ಹಾಸಿ, ನನಗೊಂದು ಗಿಡ್ಡ ಮಣೆ ಇಟ್ಟುಕೊಂಡು, ಒತ್ತಕ್ಷರದಿಂದ ಪಾಠ ಶುರುಮಾಡಿದೆ. ಮಹಬೂಬಸಾಬರು ಪರೀಕ್ಷೆ ಪಾಸಾದರು. ಅವರ ನೌಕರಿ ಕಾಯಂ ಆಯಿತು. ಸಂಭ್ರಮಕ್ಕೆಂದು ಮುಕ್ಕುಂದದಿಂದ ಅವರು ತಂದ ಅಕ್ಕಿಯಲ್ಲಿ ನಾಗಮ್ಮ ಹುಗ್ಗಿ ಮಾಡಿ, "ಯಾರ ಕಲಿಸಿದ್ರೂ ಇರಲಿ, ನೀವು ಪಾಸಾದ್ರಿ" ಎಂದು ನನ್ನ ಕಡೆ ನೋಡದೆ ಅವರಿಗೆ ಬಡಿಸಿದಳು. ತಗ್ಗಿನಲ್ಲಿ ಊರ ಹುರಿಯಾಳುಗಳು ಕೆಂಪು ಮಣ್ಣು ತುಂಬಿ ನಿಜವಾಗಿಯೂ ಕುಸ್ತಿ ಆಡತೊಡಗಿದರು. ಹೇಗಿದ್ದರೂ ಆ ತರಗತಿಯನ್ನು ಉಳಿಸಿದ್ದು ನಾನು, ವಿನ್ಯಾಸದಿಂದಲ್ಲದಿದ್ದರೆ ನನ್ನ ಇರುವಿಕೆಯಿಂದಲಾದರೂ, ಎಂದು ಬಹುಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಿವೃತ್ತನಾದ ಮೇಲೆ ಬೇರೇನನ್ನೋ ಹುಡುಕುತ್ತ ದಫ್ತರಖಾನೆಯಲ್ಲಿ ಕುಳಿತಿದ್ದಾಗ ಅಂದಿನ ತನಿಖೆಯ ವರದಿ ನನ್ನ ಕೈಗೆ ಬಂತು. ತಾರೀಖು ಪಂಚಾಂಗಕ್ಕೆ ಸರಿಹೊಂದುತ್ತದೆ. ಅದರಲ್ಲಿರುವ ಮಾತುಗಳ ಸಾರ ಇಷ್ಟು: ಲಿಂಗಸುಗೂರಿನ ತರಗತಿಯನ್ನು ಮುಂದುವರಿಸತಕ್ಕದ್ದು. ಅಲ್ಲಿಯ ಅಧ್ಯಾಪಕರು ವಯೋವೃದ್ಧರು, ಬಿಳಿಯ ಗಡ್ಡದವರು. ಶಿಷ್ಯರ ನಡುವೆ ನಿಂತು ಗಂಭೀರ ಧ್ವನಿಯಿಂದ ತಾವೇ ಕನ್ನಡ ಪಾಠವನ್ನು ಓದಿ ಹೇಳಿದ್ದು ಮೆಚ್ಚತಕ್ಕದ್ದು. ಶಿಸ್ತು ಒಟ್ಟಿನಲ್ಲಿ ಉತ್ತಮ. ಒಬ್ಬ ತರುಣ ವಿದ್ಯಾರ್ಥಿ ಮಾತ್ರ ಪಾಠದುದ್ದಕ್ಕೂ ದೀಪದ ಯಂತ್ರದೊಡನೆ ಆಟವಾಡುತ್ತ ಅಡ್ಡಿಪಡಿಸುತ್ತಿದ್ದನು. ಅವನಿಗೆ ಎಚ್ಚರಿಕೆ ಕೊಡಲಾಗಿದೆ.

ಆ ಪುಟವನ್ನು ನಾನು ಹಲವು ಸಲ ಓದಿದೆ. ಘಟನೆ ನಡೆದ ದಿನವೇ ಬರೆದ ದಾಖಲೆಗೂ, ಬಹುಕಾಲದ ನಂತರದ ನೆನಪಿಗೂ ವಿರೋಧ ಬಂದಾಗ ದಾಖಲೆಯನ್ನೇ ಒಪ್ಪಬೇಕೆಂದು ನಾನು ನನ್ನ ಶಿಷ್ಯರಿಗೆಲ್ಲ ಬೋಧಿಸಿದ್ದೇನೆ. ಈ ಪ್ರಕರಣದಲ್ಲಿ ನನಗೊಬ್ಬನಿಗೆ ವಿನಾಯಿತಿ ಕೊಡುವುದು ನ್ಯಾಯವಲ್ಲ. ಆದ್ದರಿಂದ ಲಿಂಗಸುಗೂರಿನಲ್ಲಿ ಆ ದಿನ ಅಧ್ಯಾಪಕರಾಗಿದ್ದವರು ಮಹಬೂಬಸಾಬರೆಂದೂ, ನಾನು ಅವರ ವಿದ್ಯಾರ್ಥಿಯಾಗಿದ್ದೆನೆಂದೂ ಒಪ್ಪಿಕೊಳ್ಳುತ್ತೇನೆ. ಆ ವಿದ್ಯಾರ್ಥಿ ಆ ವರ್ಷದ ಪರೀಕ್ಷೆಯಲ್ಲಿ ಪಾಸಾದನೆಂಬುದಕ್ಕೆ ಮಾತ್ರ ಇದುವರೆಗೆ ನನಗೆ ಯಾವ ಆಧಾರವೂ ದೊರೆತಿಲ್ಲ.